ಯಾವೂರು ಅಂತ ಆಮ್ಯಾಲ ಕೇಳ್ರಿ

ಸುರಪುರದ ಬೇಕರಿ ಚಾಚಾ ಫೋನ್ ಮಾಡಿದರೆ ಸಲಾಮು, ನಮಸ್ಕಾರ ಏನೂ ಇರುವುದಿಲ್ಲ. ಮಾತು ನಡುವಿನಿಂದಲೇ ಶುರುವಾಗುತ್ತದೆ.

"ಇದು ಇನ್ಸಾಫ್ ಏನು ಬೇಟಿ? ನೀನ ಹೇಳು. ಇವತ್ತೂ ಸೋತೆ. ತೋಪಿನ ಬಂಡಿ ಬೇಕಂದ್ರ ಮತ್ತದ ದುರಸ್ತಿ ಲಾರಿ! ದಿನಾ ಒಲಿ ಮುಂದ ನಿಂತು ಬೇಯ್ತೀನಿ, ಸಂಜಿಕ ನಾಕು ಗುಂಡರ ಹಾರಸೂಣು ಅಂತ ಕುಂತ್ರ ನೀವು ನನ್ನ ಕೈಯಾಗ ರಿಪೇರಿ ಪಾನಾ ಕೊಡ್ತೀರಿ."

"ಚಾಚಾ, ಟೀಮಿಗೆ ಲಾರಿನೂ ಬೇಕಲ್ರಿ."

"ಬೇಕು, ಬೇಕು. ಮಂದಿಗೆ ಬೇಕು. ನಂಗ ನಕ್ಕೋ, ಬ್ಯಾಡ."

ನಾನಾಗ ಶಹಾಪುರದಲ್ಲಿ, ಪಂಪ್‌ಸೆಟ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತಿದ್ದೆ. ಕೆಳಗಿನವರು ಮೋಟರ್ ಚಾಲೂ ಮಾಡಿ ಪರೀಕ್ಷೆ ಮಾಡಿದಾಗಲೆಲ್ಲ ನಮ್ಮ ಮೇಜಿನ ಮೇಲಿನ ಚಹಾ ನಡುಗುತ್ತಿತ್ತು. ಆ ಖೋಲಿಯಿಂದ ನಾವು ಮೂರು ಜನ ಮೊಬೈಲಿನಲ್ಲಿ ಆಡುವ ಒಂದು ಕಾಳಗದ ಆಟವನ್ನು ನಡೆಸುತ್ತಿದ್ದೆವು. ಈ ಕಡೆ ಐವರು, ಆ ಕಡೆ ಐವರು. ಎಲ್ಲರೂ ಬೇರೆ ಬೇರೆ ಊರಲ್ಲಿ ಕೂತು ಇಂಟರ್ನೆಟ್ಟಿನ ಮೇಲೆ ಕೂಡುವವರು. ಪ್ರತಿಯೊಬ್ಬರಿಗೂ ಒಂದೊಂದು ಬಂಡಿ: ಎದುರಿಗೆ ನುಗ್ಗುವ ಟ್ಯಾಂಕು, ಓಡಾಡಿ ಸುದ್ದಿ ತರುವ ಜೀಪು, ದೂರ ನಿಂತು ಗುಂಡು ಎಸೆಯುವ ತೋಪಿನ ಬಂಡಿ, ಜಖಂ ಆದ ಬಂಡಿಗಳನ್ನು ನಿಂತಲ್ಲೇ ರಿಪೇರಿ ಮಾಡುವ ದುರಸ್ತಿ ಲಾರಿ. ಮೈದಾನದ ತುಂಬ ನಮ್ಮ ಶಹಾಪುರದ ಗುಡ್ಡದ ಬಂಡೆಗಲ್ಲುಗಳು, ನಟ್ಟನಡುವೆ ಒಂದು ಹಳೆ ಅಗಸಿ, ಅಂದರೆ ಊರಬಾಗಿಲು. ಆ ಅಗಸಿ ಹಿಡಿದು ನಿಂತ ಕಡೆ ಗೆದ್ದಂತೆ.

ನಮ್ಮ ಮೂವರಲ್ಲಿ ಒಬ್ಬಳು ಚಿತ್ರ ಬಿಡಿಸುವಾಕೆ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ಟ್ಯಾಂಕಿನ ಕೊಳವೆಯ ಮೇಲೂ ಒಂದು ಹೂಬಳ್ಳಿ ಬಿಡಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ. ಇನ್ನೊಬ್ಬ ಸರ್ವರ್ ನೋಡಿಕೊಳ್ಳುವಾತ, ಗುರುಮಠಕಲ್ ಕಡೆಯವನು. ಸಿಟ್ಟು ಬಂದರೆ ತೆಲುಗು, ಹಸಿವಾದರೆ ಕನ್ನಡ. ಮೂರನೆಯವಳು ನಾನು. ಯಾರ ಎದುರಿಗೆ ಯಾರು ಬರಬೇಕು, ಯಾರಿಗೆ ಯಾವ ಬಂಡಿ ಸಿಗಬೇಕು ಎಂಬ ನಿಯಮ ಬರೆಯುವುದು ನನ್ನ ಕೆಲಸ. ಹಾಗಾಗಿ ಚಾಚಾ ಬೈಯುವುದೂ ನನಗೇ.

ಬರೀ ಚಾಚಾ ಬೈದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆಟದ ಯಜಮಾನಿಕೆ ಇದ್ದದ್ದು ಹೈದರಾಬಾದಿನ ಒಂದು ಕಂಪನಿಯಲ್ಲಿ. ಅಲ್ಲಿಂದ ನಮ್ಮ ಮೇಲೆ ಕಣ್ಣಿಟ್ಟಿದ್ದ ಸಾಹೇಬರು ಹಿಂದಿನ ವಾರವಷ್ಟೇ ಮೆತ್ತಗೆ ಹೇಳಿದ್ದರು: ಸಂಜೆ ಹೊತ್ತು ಆಡುವವರು ಇಳಿಯುತ್ತಿದ್ದಾರೆ, ಸಂಕ್ರಾಂತಿಯ ತನಕ ನೋಡೋಣ, ಸುಧಾರಿಸದಿದ್ದರೆ ನಿಮ್ಮ ಭಾಗದ ಸರ್ವರ್ ಮುಚ್ಚಿ ಎಲ್ಲರನ್ನೂ ದೊಡ್ಡ ಸರ್ವರಿಗೆ ಸುರಿದುಬಿಡುತ್ತೇವೆ. ದೊಡ್ಡದರಲ್ಲಿ ನಮ್ಮ ಗುಡ್ಡವಿಲ್ಲ, "ಅಗಸಿ ಬಿತ್ತಪಾ!" ಎಂದು ಕನ್ನಡದಲ್ಲಿ ಕೂಗುವ ದನಿಯಿಲ್ಲ. ನಮ್ಮ ಈ ನಡುಗುವ ಖೋಲಿಯೂ ಇರುವುದಿಲ್ಲ. ಮೂವರೂ ಮೂರು ದಾರಿ ಹಿಡಿಯಬೇಕು.

ನಮ್ಮ ಹಳೆ ಪದ್ಧತಿ ಹೀಗಿತ್ತು. ಪ್ರತಿ ಆಟಗಾರನಿಗೂ ಒಂದು ಅಂಕ. ಗೆದ್ದರೆ, ಎದುರಿನ ಬಂಡಿ ಕೆಡವಿದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಹತ್ತು ಮಂದಿ ಕೂಡಿದ ಕೂಡಲೇ ಸರ್ವರ್ ಅವರನ್ನು ಎರಡು ಕಡೆಗೆ ಹಂಚಿ ಎರಡೂ ಕಡೆಯ ಮೊತ್ತ ಸರಿಹೋಗುವಂತೆ ನೋಡುತ್ತಿತ್ತು. ತಕ್ಕಡಿಯ ಲೆಕ್ಕಕ್ಕೆ ಇದು ಸರಿಯೇ. ಒಂದು ಕಡೆ ಒಬ್ಬ ದೊಡ್ಡ ಜಟ್ಟಿ, ಉಳಿದ ನಾಲ್ವರು ಹೊಸಬರು. ಇನ್ನೊಂದು ಕಡೆ ಐವರೂ ನಡುತರದವರು. ಮೊತ್ತ ಒಂದೇ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಹೊಸಬರು ನಾಲ್ವರೂ ಉರುಳಿ ಬೀಳುತ್ತಿದ್ದರು, ಜಟ್ಟಿ ಒಬ್ಬನೇ ಅಗಸಿ ಮುಂದೆ ಐವರ ಕೈಗೆ ಸಿಕ್ಕು ಹಣ್ಣಾಗುತ್ತಿದ್ದ. ಇತ್ತ ಹೊಸಬರೂ ಬೇಜಾರಾಗಿ ಹೋದರು, ಅತ್ತ ಜಟ್ಟಿಯೂ ಹೋದ.

ಇದರ ಮೇಲೆ ಸೈದಾಪುರದ ಗುಂಪು. ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವ ಐದು ಮಂದಿ. ಪಾಳಿ ಮುಗಿಸಿ ಬಸ್ಸು ಹತ್ತಿದರೆ ಐದೂ ಫೋನು ಒಟ್ಟಿಗೆ ಹೊರಬರುತ್ತಿದ್ದವು. ಅವರ ಮುಂದಾಳು ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ನಡೆಸುವ ಒಬ್ಬ ಅಕ್ಕ. ಹಗಲೆಲ್ಲ ಭಾರ ಎತ್ತಿ ಇಡುವ ಕೈ, ಸಂಜೆಗೆ ಟ್ಯಾಂಕು ನಡೆಸಿದರೆ ಕೇಳಬೇಕೆ. ಅವರೈವರು ಒಬ್ಬರ ಕೆಮ್ಮು ಒಬ್ಬರಿಗೆ ಅರ್ಥವಾಗುವಷ್ಟು ಒಗ್ಗಿದವರು. ಆ ಒಗ್ಗಟ್ಟಿಗೆ ನಮ್ಮ ಅಂಕದಲ್ಲಿ ಜಾಗವೇ ಇರಲಿಲ್ಲ. ಸುರಪುರ, ಯಾದಗಿರಿಯಿಂದ ಒಂಟಿಯಾಗಿ ಬಂದವರು ಅವರ ಎದುರು ಒಣ ಹುಲ್ಲಿನಂತೆ ಉರಿದುಹೋಗುತ್ತಿದ್ದರು.

ಮೊದಲು ನಾನು ಮಾಡಿದ್ದು ಯಾರಿಗಾದರೂ ಹೊಳೆಯುವಂಥದ್ದು. ಅಂಕದ ಅಂತರ ಬಿಗಿ ಮಾಡಿದೆ. ಹತ್ತೂ ಮಂದಿ ಹೆಚ್ಚುಕಡಿಮೆ ಒಂದೇ ಮಟ್ಟದವರಿದ್ದರೆ ಮಾತ್ರ ಪಂದ್ಯ. ದೊಡ್ಡ ಊರಿನ ಆಟವಾಗಿದ್ದರೆ ಇದು ನಡೆಯುತ್ತಿತ್ತು. ನಮ್ಮಲ್ಲಿ ಸಂಜೆಗೆ ಕೂಡುವವರೇ ಬೆರಳೆಣಿಕೆ, ಅದರಲ್ಲಿ ಸಮ ಸಮ ಹತ್ತು ಜನ ಎಲ್ಲಿಂದ ತರುವುದು? ಪರದೆಯ ಮೇಲೆ "ಎದುರಾಳಿಗಾಗಿ ಕಾಯಲಾಗುತ್ತಿದೆ" ಎಂಬ ಚಕ್ರ ತಿರುಗಿದ್ದೇ ತಿರುಗಿದ್ದು.

"ಬೇಟಿ," ಚಾಚಾ ಫೋನ್ ಬಂತು, "ಚಕ್ರ ತಿರಗಲಿಕ್ಕ ಶುರು ಆದಾಗ ಒಲಿಯಾಗ ಬ್ರೆಡ್ ಇಟ್ಟಿದ್ದೆ. ಬ್ರೆಡ್ ಬೆಂತು, ಆರ್ತು, ಗಿರಾಕಿ ಬಂದು ಒಯ್ದ. ನಿಮ್ಮ ಚಕ್ರ ಇನ್ನೂ ತಿರಗಾಕತ್ತದ."

ಸರ್ವರ್ ನೋಡುವಾತ ನನ್ನ ಕಡೆ ನೋಡಿ ತೆಲುಗಿನಲ್ಲಿ ಏನೋ ಅಂದ. ಅಂತರ ಮತ್ತೆ ಸಡಿಲ ಮಾಡಿದೆವು.

ಮರುದಿನ ಮಧ್ಯಾಹ್ನ ಸುರಪುರದ ಬಸ್ಸು ಹತ್ತಿದೆ. ಖೋಲಿಯಲ್ಲಿ ಕೂತು ಅಂಕ ನೋಡುವುದಕ್ಕಿಂತ ಚಾಚಾನ ಪಕ್ಕದಲ್ಲಿ ಕೂತು ಆಟ ನೋಡುವುದು ಮೇಲು ಅನ್ನಿಸಿತ್ತು. ಬೇಕರಿಯ ಹಿಂಬದಿ ಒಂದು ಮರದ ಮೇಜು, ಸುತ್ತ ನಾಲ್ಕು ಸ್ಟೂಲು. ಅದೇ ಅವರ ಯುದ್ಧಭೂಮಿ. ಚಾಚಾ ಕೈತೊಳೆದು, ಕನ್ನಡಕ ಒರೆಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತರು. ಫೋನು ಹಳೆಯದು, ಗಾಜಿನ ಒಂದು ಮೂಲೆ ಬಿರಿದಿತ್ತು.

ಪಂದ್ಯ ಸಿಕ್ಕಿತು. ಬಂಡಿ ಆರಿಸುವ ಪರದೆ ಬರಬೇಕು. ಬರಲಿಲ್ಲ. ಮೈದಾನದ ಚಿತ್ರ ಅರ್ಧ ಮೂಡಿತು, ನಿಂತಿತು, ಮತ್ತೆ ಮೂಡಿತು. ಚಾಚಾ ಆರಾಮಾಗಿ ಒಂದು ಖಾರಿ ಬಿಸ್ಕತ್ತು ಮುರಿದು ಚಹಾದಲ್ಲಿ ಅದ್ದಿದರು. ಪರದೆ ಬರುವ ಹೊತ್ತಿಗೆ ಟ್ಯಾಂಕು, ಜೀಪು, ತೋಪಿನ ಬಂಡಿ ಎಲ್ಲದರ ಮೇಲೂ ಬೇರೆಯವರ ಹೆಸರು. ಉಳಿದದ್ದು ದುರಸ್ತಿ ಲಾರಿ.

"ನೋಡು," ಅಂದರು, "ನಸೀಬು."

ನಸೀಬಲ್ಲ, ನಮ್ಮ ನಿಯಮ. ಮೊದಲು ಒತ್ತಿದವರಿಗೆ ಬಂಡಿ ಎಂದು ಇಟ್ಟಿದ್ದೆವು. ಹೊಸ ಫೋನಿನವರು ಒತ್ತಿ ಮುಗಿಸುವಾಗ ಹಳೆ ಫೋನಿನವರಿಗೆ ಪರದೆಯೇ ಬಂದಿರುತ್ತಿರಲಿಲ್ಲ. ಲಾರಿಯಿಂದ ಎದುರಿನ ಬಂಡಿ ಕೆಡವುವುದು ಸಾಧ್ಯವಿಲ್ಲ, ಹಾಗಾಗಿ ಅಂಕ ಏರುವುದಿಲ್ಲ. ಅಂಕ ಏರದವರನ್ನು ಸರ್ವರ್ ಹೊಸಬರೆಂದು ತಿಳಿದು ಜಟ್ಟಿಯ ಜೊತೆ ನೂಕುತ್ತದೆ. ಚಾಚಾನಂಥ ಎಷ್ಟು ಮಂದಿ ಹೀಗೆ ಲಾರಿಯಲ್ಲಿ ಸಿಕ್ಕಿಬಿದ್ದಿದ್ದರೋ. ನನ್ನ ಫೋನು ಅವರ ಕೈಗಿಟ್ಟು ಅವರದನ್ನು ನಾನು ತೆಗೆದುಕೊಂಡೆ. ಮುಂದಿನ ಪಂದ್ಯದಲ್ಲಿ ಅವರಿಗೆ ತೋಪಿನ ಬಂಡಿ ಸಿಕ್ಕಿತು. ಬಂಡೆಗಲ್ಲಿನ ಹಿಂದೆ ನಿಂತು ಅವರು ಹಾರಿಸಿದ ಗುಂಡುಗಳು ಹೂ ಇಟ್ಟಂತೆ ಹೋಗಿ ಬಿದ್ದವು. ಮೊದಲ ಟ್ಯಾಂಕು ಉರುಳಿದಾಗ ಅವರು ಕೂಗಿದ ಕೂಗಿಗೆ ಮುಂದಿನ ಅಂಗಡಿಯಲ್ಲಿ ಬನ್ನು ಕೊಳ್ಳಲು ನಿಂತವರು ಒಳಗೆ ಇಣುಕಿದರು.

ವಾಪಸು ಬಂದು ನಿಯಮ ಬದಲಿಸಿದೆವು, ಒಂದೊಂದು ಬಗೆಯ ಬಂಡಿ ಇಷ್ಟೇ ಎಂಬ ಮಿತಿಯನ್ನೂ ಸಡಿಲಿಸಿದೆವು. ಸರದಿಗೆ ನಿಲ್ಲುವ ಮೊದಲೇ, ಸಾವಕಾಶವಾಗಿ, ತನಗೆ ಬೇಕಾದ ಎರಡು ಬಂಡಿ ಹೇಳಬೇಕು: ಮೊದಲ ಆಸೆ, ಎರಡನೆಯ ಆಸೆ. ಮೊದಲ ಆಸೆ ಬಿಟ್ಟುಕೊಟ್ಟವರಿಗೆ ಮುಂದಿನ ಪಂದ್ಯದಲ್ಲಿ ಮೊದಲ ಹಕ್ಕು. ಎಲ್ಲಕ್ಕಿಂತ ನಿಧಾನದ ಫೋನು ಸಿದ್ಧವಾಗುವ ತನಕ ಯಾರಿಗೂ ಮೈದಾನ ತೆರೆಯುವುದಿಲ್ಲ. ಲಾರಿಯವರು ರಿಪೇರಿ ಮಾಡಿದ ಬಂಡಿ ಮುಂದೆ ಏನು ಸಾಧಿಸಿದರೂ ಅದರಲ್ಲಿ ಲಾರಿಗೂ ಪಾಲು.

ಬಂಡಿಯ ಜಗಳ ತೀರಿತು ಅಂದುಕೊಂಡೆವು. ಈಗ ಬೇರೆ ತಾಪತ್ರಯ. ಒಂದು ಸಂಜೆ ಹತ್ತರಲ್ಲಿ ಏಳು ಮಂದಿ ಟ್ಯಾಂಕು ಕೇಳಿದರು. ಸರ್ವರ್ ಮೊತ್ತ ಸರಿಮಾಡಿ ಒಂದು ಕಡೆಗೆ ಐದು ಟ್ಯಾಂಕು, ಇನ್ನೊಂದು ಕಡೆಗೆ ಎರಡು ಟ್ಯಾಂಕು, ಮೂರು ಲಾರಿ ಹಾಕಿತು. ಮೂರು ಲಾರಿಗಳೂ ಒಂದನ್ನೊಂದು ರಿಪೇರಿ ಮಾಡುತ್ತ ಕೂತವು.

ಮರುದಿನ ಊಟದ ಹೊತ್ತಿಗೆ ಮೂವರೂ ಮುಖ ಇಳಿಬಿಟ್ಟು ರೊಟ್ಟಿ ಮುರಿಯುತ್ತಿದ್ದೆವು. ಚಿತ್ರದಾಕೆ ಇದ್ದಕ್ಕಿದ್ದಂತೆ ಅಂದಳು: "ನಾವು ಸಣ್ಣವರಿದ್ದಾಗ ಇಷ್ಟೆಲ್ಲ ತಲಿ ಕೆಡಿಸ್ಕೋತಿದ್ವೇನು? ಓಣಿಯಾಗ ಲಗೋರಿ ಆಡೂ ಮುಂದ ಟೀಮು ತಾನ ಆಗ್ತಿತ್ತು. ಇಬ್ಬಿಬ್ಬರು ಹೆಗಲ ಮ್ಯಾಲ ಕೈ ಹಾಕ್ಕೊಂಡು ದೂರ ಹೋಗೂದು, ಗುಟ್ಟಿನ ಹೆಸರು ಇಟ್ಕೊಂಡು ಬರೂದು, ಗುಲಾಬಿ ಬೇಕೋ ಮಲ್ಲಿಗಿ ಬೇಕೋ ಅಂತ ಕೇಳೂದು."

"ನಮ್ಮ ಕಡೆ ಹುಣಸಿ ಬೇಕೋ ಬೇವು ಬೇಕೋ," ಅಂದೆ ನಾನು.

"ನಮ್ಮಲ್ಲಿ ಹುಲಿ ಬೇಕೋ ಆನಿ ಬೇಕೋ," ಸರ್ವರ್ ನೋಡುವಾತ ಬಾಯಲ್ಲಿ ತುತ್ತಿಟ್ಟುಕೊಂಡೇ, ಹೊಟ್ಟೆ ತಟ್ಟಿಕೊಂಡು ಹೇಳಿದ. "ನಾ ಯಾವಾಗಲೂ ಆನಿ. ಈಗರ ನಿಮಗ ಗೊತ್ತಾಗಬೇಕು ಯಾಕಂತ."

ನಕ್ಕೆವು. ನಗುವಾಗಲೇ ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. ಆ ಆಟದಲ್ಲಿ ಇಬ್ಬರು ನಾಯಕರು ಎದುರುಬದುರು ನಿಂತಿರುತ್ತಿದ್ದರು. ಅವರು ಯಾರ ಬಲವನ್ನೂ ತೂಗುತ್ತಿರಲಿಲ್ಲ. ಓಡುವವನು ಓಡುವವನ ಹೆಗಲಿಗೆ ಕೈ ಹಾಕಿ ಬರುತ್ತಿದ್ದ, ಗುರಿಯವಳು ಗುರಿಯವಳ ಜೊತೆ ಬರುತ್ತಿದ್ದಳು, ಸಣ್ಣವರು ಸಣ್ಣವರ ಜೊತೆ. ನಾಯಕ ಗುಲಾಬಿ ಅಂದರೆ ಒಬ್ಬ ಇತ್ತ, ಇನ್ನೊಬ್ಬ ಅತ್ತ. ಪ್ರತಿ ಜೋಡಿಯೂ ಒಡೆದು ಎರಡು ಪಾಲಾಗುತ್ತಿದ್ದ ಕಾರಣ ಕೊನೆಗೆ ಎರಡು ಕಡೆಯೂ ತಾನೇ ಸರಿಯಾಗಿರುತ್ತಿತ್ತು.

"ಮೊತ್ತ ಬಿಟ್ಟುಬಿಡೂಣು," ಅಂದೆ. "ಮೊದಲು ಬಂಡಿ. ಆಮ್ಯಾಲ ಅದೇ ಬಂಡಿಯೊಳಗ ಸರಿಸಮ ಇದ್ದವರ ಜೋಡಿ. ಆಮ್ಯಾಲ ಜೋಡಿ ಒಡಿಯೂದು."

"ಎಂಟು ಮಂದಿ ಟ್ಯಾಂಕ್ ಕೇಳಿದ್ರ?" ಸರ್ವರ್ ನೋಡುವಾತ ಕೇಳಿದ.

"ಕೇಳಲಿ. ನಾಕು ಇತ್ತ, ನಾಕು ಅತ್ತ. ಹುಚ್ಚು ಎರಡೂ ಕಡೆ ಸಮ ಇದ್ರ ಪಂದ್ಯ ಛಂದ ಆಗ್ತದ. ಏಳು ಮಂದಿ ಕೇಳಿದ್ರ ಏಳನೆಯವರಿಗೆ ಎರಡನೆ ಆಸೆ."

ಅವನು ರೊಟ್ಟಿ ಕೆಳಗಿಟ್ಟ. ಹಸಿವಾದಾಗ ರೊಟ್ಟಿ ಕೆಳಗಿಟ್ಟನೆಂದರೆ ಮಾತು ತಲೆಗೆ ಹೋಗಿದೆ ಎಂದೇ ಅರ್ಥ.

ಬರೆಯುವುದು ಕಷ್ಟವಾಗಲಿಲ್ಲ, ಸೈದಾಪುರದ ಐವರನ್ನು ಒಪ್ಪಿಸುವುದು ಕಷ್ಟವಾಯಿತು. ಒಟ್ಟಿಗೆ ಬಂದ ಐವರನ್ನು ಜೋಡಿ ಒಡೆಯಲು ಬರುವುದಿಲ್ಲ. ಐವರ ಎದುರಿಗೆ ಇನ್ನೊಂದು ಐವರ ಗುಂಪು ಇದ್ದರೆ ಮಾತ್ರ ಒಟ್ಟಿಗೆ ಆಡಬಹುದು, ಇಲ್ಲದಿದ್ದರೆ ಒಂದು ಕಡೆಗೆ ಇಬ್ಬರು ಗೆಳೆಯರಿಗಿಂತ ಹೆಚ್ಚಿಲ್ಲ ಎಂದು ನಿಯಮ ಹಾಕಿದೆವು. ಮರುದಿನವೇ ಫೋರ್ಕ್‌ಲಿಫ್ಟ್ ಅಕ್ಕನ ಫೋನು.

"ಏನ್ರೀ ಮೇಡಂ, ಕೂಡಿ ದುಡೀತೀವಿ, ಕೂಡಿ ಬಸ್ ಹತ್ತತೀವಿ, ಆಟದಾಗ ನಮಗ ವಾಟ್ನಿ ಮಾಡಿ ಹಂಚ್ತೀರಿ? ಅಣ್ಣತಮ್ಮರ ಹೊಲ ಅಂದ್ಕೊಂಡೀರೇನು?"

"ಅಕ್ಕಾ, ನೀವು ಐದು ಮಂದಿ ಕೂಡಿದ್ರ ಎದುರಿಗೆ ಯಾರೂ ಉಳಿಯೂದಿಲ್ರಿ. ಯಾರೂ ಉಳೀಲಿಲ್ಲಂದ್ರ ಆಟ ಮುಚ್ತದ. ಒಂದು ವಾರ ನೋಡ್ರಿ. ಸರಿ ಬರಲಿಲ್ಲಂದ್ರ ನನಗ ಬೈರಿ."

"ಬೈಯಾಕ ವಾರ ಯಾಕ ಕಾಯಬೇಕ್ರಿ? ಈಗ ಬೈತೀನಿ ತಗೋರಿ," ಎಂದು ಸಾವಕಾಶ, ಪ್ರೀತಿಯಿಂದ, ಬಹಳ ಹೊತ್ತು ಬೈದಳು. ಕೊನೆಗೆ "ಒಂದು ವಾರ" ಅಂದಳು.

ಹೊಸ ಪದ್ಧತಿಗೆ ನಾನೂ ಚಿತ್ರದಾಕೆಯೂ ಕೂಡಿ ಒಂದು ಅಲಂಕಾರ ಮಾಡಿದೆವು. ಪಂದ್ಯ ನ್ಯಾಯವಾಗಿದೆ ಎಂದು ಮಂದಿ ನಂಬಬೇಕಲ್ಲ, ಅದಕ್ಕೆ ಶುರುವಿನಲ್ಲೇ ಪ್ರತಿಯೊಬ್ಬರಿಗೂ ಪರದೆಯ ಮೇಲೆ ಹೂಬಳ್ಳಿಯ ಚೌಕಟ್ಟಿನಲ್ಲಿ ತೋರಿಸುವುದು: ಇವತ್ತು ನಿಮ್ಮ ಸರಿಸಮ ಇವರು. ಹೆಸರು, ಬಂಡಿ, ಊರು. ಎರಡೂ ಕಡೆಯವರು ಮಾತಾಡಿಕೊಳ್ಳಲು ಮೈಕೂ ತೆರೆದಿಟ್ಟೆವು. ಒಂದಿಷ್ಟು ಕೆಣಕಾಟ ನಡೆದರೆ ಆಟಕ್ಕೆ ರುಚಿ ಎಂದು ನಮ್ಮ ಅಂದಾಜು.

ಮೊದಲ ಸಂಜೆ ಹೈದರಾಬಾದಿನ ಸಾಹೇಬರನ್ನೂ ನೋಡಲು ಕರೆದಿದ್ದೆವು. ಅವರು ಅಲ್ಲಿ ತಮ್ಮ ಪರದೆಯ ಮುಂದೆ, ನಾವು ಇಲ್ಲಿ ನಮ್ಮ ಪರದೆಯ ಮುಂದೆ. ಹತ್ತು ಮಂದಿ ಕೂಡಿದರು, ಜೋಡಿಗಳಾದವು, ಒಡೆದವು, ಮೈದಾನ ತೆರೆಯಿತು. ಎರಡು ಟ್ಯಾಂಕು ಅಗಸಿಯ ಆಚೆ ಒಂದು, ಈಚೆ ಒಂದು ಬಂದು ನಿಂತವು. ಮೂತಿಗೆ ಮೂತಿ. ನಾನು ಕುರ್ಚಿಯ ತುದಿಗೆ ಬಂದೆ.

ಗುಂಡು ಹಾರಲಿಲ್ಲ. ಮೈಕಿನಲ್ಲಿ ಒಂದು ದನಿ ಬಂತು.

"ತಿಂಥಣಿಯವ್ರೇನ್ರಿ ನೀವು? ಹೊಳಿ ದಂಡಿ ತಿಂಥಣಿ?"

"ಹೌದ್ರಿ."

"ಅಯ್ಯ, ಅಲ್ಲಿ ನಮ್ಮ ಸ್ವಾದರತ್ತಿ ಮನಿ ಐತ್ರಿ! ಗುಡಿ ಹಿಂದಿನ ಓಣಿ. ಬಾಗಲ ಮುಂದ ಬೇವಿನ ಗಿಡ."

"ಬೇವಿನ ಗಿಡದ ಮನಿ? ಅದು ನಮ್ಮ ಮಗ್ಗಲ ಮನಿ ಅಲ್ರಿ! ನೀವು ಯಾರ ಪೈಕಿ?"

ಪೈಕಿ ಹೇಳಿದ್ದಾಯಿತು, ಅತ್ತೆಯ ಮೊಣಕಾಲು ನೋವಿನ ಸುದ್ದಿಯಾಯಿತು. ಎರಡೂ ಟ್ಯಾಂಕು ಬಿಸಿಲಲ್ಲಿ ಮಲಗಿದ ಎಮ್ಮೆಗಳಂತೆ ನಿಂತೇ ಇದ್ದವು. ಅಷ್ಟರಲ್ಲಿ ಈಚೆಯ ಜೀಪೊಂದು ಧೂಳೆಬ್ಬಿಸಿ ಬಂದು ಆಚೆಯ ಟ್ಯಾಂಕಿಗೆ ಗುರಿ ಹಿಡಿಯಿತು.

"ಏ ಏ, ಅವ್ರನ್ನ ಹೊಡೀಬ್ಯಾಡ! ಅವ್ರು ನಮ್ಮವ್ರು!"

"ನಮ್ಮವ್ರಂದ್ರ ಯಾವ ಟೀಮು?" ಜೀಪಿನವನು ಕಂಗಾಲು.

"ಟೀಮಲ್ಲೋ ಮಾರಾಯ, ಬಳಗ!"

ಉಳಿದ ಕಡೆಯೂ ಅದೇ ಕಥೆ. ಒಂದು ಬಂಡೆಯ ಹಿಂದೆ ಎರಡು ಪಕ್ಷದ ದುರಸ್ತಿ ಲಾರಿಗಳು ಒಂದಕ್ಕೊಂದು ಹಾರ್ನ್ ಹೊಡೆದು ಸಲಾಮು ಮಾಡಿ ದಾರಿ ಬಿಟ್ಟುಕೊಟ್ಟವು. ಒಂದು ಲಾರಿ ಎದುರು ಪಕ್ಷದ ಜೀಪನ್ನು ರಿಪೇರಿ ಮಾಡಲಿಕ್ಕೂ ಹವಣಿಸಿತು, ಪರದೆಯ ಗುಂಡಿ ಒಪ್ಪಲಿಲ್ಲ ಅಷ್ಟೇ. ವೇಳೆ ಮುಗಿದು ಪಂದ್ಯ ಸಮವಾಯಿತು. ಒಂದೂ ಬಂಡಿ ಬೀಳಲಿಲ್ಲ. ಎಲ್ಲರೂ ಬಹಳ ಖುಷಿಯಲ್ಲಿದ್ದರು.

ಸಾಹೇಬರು ಫೋನಿನಲ್ಲಿ ಕೇಳಿದರು: "ಇದು ಕಾಳಗವೋ, ಬೀಗರ ಔತಣವೋ?"

ನನಗೆ ನಮ್ಮ ಆಯಿಯ ನೆನಪಾಗಿತ್ತು. ಮನೆಗೆ ಯಾರೇ ಬರಲಿ, ಆಯಿ ಒಂದು ತಂಬಿಗೆ ನೀರು ಕೊಟ್ಟು ಮೊದಲು ಕೇಳುತ್ತಿದ್ದುದು "ಯಾವೂರು? ಯಾರ ಪೈಕಿ?" ಅಂತ. ಅರ್ಧ ತಾಸಿನಲ್ಲಿ ಅವರಿಗೂ ನಮಗೂ ಏನೋ ಒಂದು ನಂಟು ಹುಡುಕಿ ತೆಗೆಯುತ್ತಿದ್ದಳು. ಅವಳ ಮಡಿಲಲ್ಲಿ ಕೂತು ಮಾತು ಕಲಿತವಳು ನಾನು. ಅಂಥ ನಾಡಿನ ಮಂದಿಗೆ ಹೆಸರೂ ಊರೂ ತೋರಿಸಿ, ಮೈಕೂ ಕೊಟ್ಟು, ಈಗ ಹೊಡಿರಿ ಅಂದರೆ ಹೊಡೆಯುತ್ತಾರೆಯೇ?

ಸರ್ವರ್ ನೋಡುವಾತ ಹಳೆ ಪದ್ಧತಿಗೆ ಮರಳೋಣ ಅಂದ. ಸಂಕ್ರಾಂತಿ ಹತ್ತಿರವಿತ್ತು, ಅವನ ಮಾತು ತಪ್ಪೇನಲ್ಲ. ಚಿತ್ರದಾಕೆ ಊರಿನ ಹೆಸರು ಪೂರಾ ತೆಗೆದುಹಾಕೋಣ, ಮೈಕೂ ಮುಚ್ಚೋಣ ಅಂದಳು. ಅದೂ ಸುಲಭದ ದಾರಿ. ನಾನು ಆ ಪಂದ್ಯದ ಧ್ವನಿಯನ್ನು ಮತ್ತೊಮ್ಮೆ ಹಾಕಿ ಕೇಳಿದೆ. ಸೋತು ಸಿಟ್ಟಾಗಿ ಹೋಗುವವರ ದನಿ ಎಷ್ಟೋ ವಾರದಿಂದ ಕೇಳುತ್ತ ಬಂದಿದ್ದೆವು. ಈ ಪಂದ್ಯದ ಕೊನೆಗೆ ಒಬ್ಬರೂ ಹೋಗಿರಲಿಲ್ಲ. ವೇಳೆ ಮುಗಿದು ಪರದೆ ಕಪ್ಪಾಗುವ ತನಕ ಮಾತಾಡುತ್ತಲೇ ಇದ್ದರು. ಇದನ್ನು ತೆಗೆದು ಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

"ತೆಗಿಯೂದು ಬ್ಯಾಡ," ಅಂದೆ. "ಹಿಂದಕ್ಕ ಹಾಕೂಣು. ಹೊಡೆದಾಟ ಮೊದಲು, ಯಾವೂರು ಆಮ್ಯಾಲ."

ಹೀಗೆ ಮಾಡಿದೆವು. ಪಂದ್ಯದ ಹೊತ್ತಿಗೆ ಎಲ್ಲರಿಗೂ ಗುಟ್ಟಿನ ಹೆಸರು, ಓಣಿಯ ಆಟದಲ್ಲಿದ್ದಂತೆಯೇ: ಗುಲಾಬಿ, ಮಲ್ಲಿಗೆ, ಹುಣಸೆ, ಬೇವು, ಹುಲಿ, ಆನೆ. ಮೈಕು ತಮ್ಮ ತಮ್ಮ ಕಡೆಯವರಿಗೆ ಮಾತ್ರ. ಅಗಸಿ ಬಿದ್ದು ಸೋಲುಗೆಲುವು ತೀರ್ಮಾನವಾದ ಮೇಲೆ ಹತ್ತೂ ಮಂದಿ ಒಂದು ಕಟ್ಟೆಗೆ ಬರುತ್ತಾರೆ. ಚಿತ್ರದಾಕೆ ಬೇವಿನ ಗಿಡ, ಸುತ್ತ ಕಲ್ಲುಕಟ್ಟೆ, ಪಕ್ಕದಲ್ಲಿ ಸಾಲಾಗಿ ನಿಂತ ಜಖಂ ಬಂಡಿಗಳನ್ನು ಬಿಡಿಸಿದ್ದಳು. ಅಲ್ಲಿ ಮೈಕು ಎಲ್ಲರಿಗೂ ತೆರೆಯುತ್ತದೆ, ಹೂಬಳ್ಳಿಯ ಚೌಕಟ್ಟು ಬಿಚ್ಚಿಕೊಳ್ಳುತ್ತದೆ: ಇವತ್ತು ನಿಮ್ಮ ಸರಿಸಮ ಇವರು.

ಸಾಹೇಬರಿಂದ ಇನ್ನೊಂದು ಸಂಜೆ ಬೇಡಿ ಪಡೆದೆ. ಆ ಸಂಜೆ ಸರಿಯಾಗಿ ಹೊಡೆದಾಡಿದರು. ಹುಲಿ ಎಂಬ ಟ್ಯಾಂಕು ಆನೆ ಎಂಬ ಟ್ಯಾಂಕನ್ನು ಬಂಡೆಗೆ ಒತ್ತಿ ಹಿಡಿಯಿತು, ಎರಡೂ ಲಾರಿಗಳು ಬೆವರು ಸುರಿಸಿದವು, ಅಗಸಿ ಮೂರು ಸಲ ಕೈ ಬದಲಾಯಿಸಿತು. ಕಟ್ಟೆಗೆ ಬಂದ ಕೂಡಲೇ ಹತ್ತೂ ದನಿ ಒಟ್ಟಿಗೆ.

"ಯಪ್ಪಾ, ಆ ಹುಲಿ ನೀವೇನ್ರಿ? ಯಾದಗಿರಿ ಸ್ಟೇಷನ್ ಹಂತೇಲಿ ನಿಮ್ಮ ಮನಿ? ನಾ ದಿನಾ ಅಲ್ಲೇ ಇಳೀತೀನಿ!"

ನಾನು ಅಂದಾಜು ಮಾಡದಿದ್ದ ಲಾಭ ಆಗ ಕಂಡಿತು. ಮಾತು ಮುಗಿಯದೆ ಯಾರೂ ಕಟ್ಟೆಯಿಂದ ಏಳುತ್ತಿರಲಿಲ್ಲ. ಹತ್ತೂ ಮಂದಿ ಅಲ್ಲೇ ಕೂತಿದ್ದರೆ ಮುಂದಿನ ಪಂದ್ಯಕ್ಕೆ ಬೇರೆ ಮಂದಿಯನ್ನು ಹುಡುಕುವ ಕೆಲಸವೇ ಇಲ್ಲ. ಸರ್ವರ್ ಅಲ್ಲೇ ಹೊಸ ಜೋಡಿ ಮಾಡಿ, ಒಡೆದು, ಹೊಸ ಗುಟ್ಟಿನ ಹೆಸರು ಕೊಟ್ಟು ಕಳಿಸಿತು. ತಿರುಗುವ ಚಕ್ರ ಮಾಯವಾಯಿತು. ಯಾರಾದರೂ ಊಟಕ್ಕೆದ್ದರೆ ಆ ಜಾಗಕ್ಕೆ ಹೊಸಬರು ಬಂದು ಕೂರುತ್ತಿದ್ದರು.

ಸೈದಾಪುರದ ಐವರೂ ಬೈಯಲಿಲ್ಲ. ಒಂದು ವಾರ ಕಳೆದು ಅಕ್ಕ ತಾನೇ ಹೇಳಿದಳು: "ಮೇಡಂ, ನಿನ್ನಿ ನಮ್ಮ ವೆಲ್ಡರಗ ಎದುರಿಗೆ ನಿಂತು ಹೊಡದೆ. ಇವತ್ತು ಬಸ್ಸಿನ್ಯಾಗ ಮಾರಿ ತಿರವಿಕೊಂಡು ಕುಂತಾನ. ಏನು ಮಜಾ ಅಂತೀರಿ!"

ಚಾಚಾನ ಫೋನು ಮಾತ್ರ ನಿಲ್ಲಲಿಲ್ಲ. ದೂರು ಬದಲಾಗಿತ್ತು. "ಬೇಟಿ, ಈಗ ತೋಪಿನ ಬಂಡಿ ಸಿಗ್ತದ, ಇನ್ಸಾಫ್ ಆಗೇದ, ಒಪ್ಪಿದೆ. ಆದ್ರ ದಿನಾ ಒಂದು ತೋಪಿನ ಬಂಡಿ ನನ್ನ ಬೆನ್ನ ಹತ್ತೇದ. ನಾ ಕಲ್ಲಿನ ಹಿಂದ ಹೋಗೂದ್ರಾಗ ಅದು ಅಲ್ಲಿ ಗುಂಡ ಇಟ್ಟಿರ್ತದ. ಯಾರೋ ಫೌಜಿ ಇರಬೇಕು."

"ಕಟ್ಟಿ ಮ್ಯಾಲ ಹೆಸರು ನೋಡ್ರಿ ಚಾಚಾ."

"ಕಟ್ಟಿಗಿ ಯಾರು ಬರ್ತಾರ? ಅಷ್ಟೊತ್ತಿಗೆ ಬನ್ ತೆಗೀಬೇಕು ನಾನು."

ಆ ಫೌಜಿ ಫೋರ್ಕ್‌ಲಿಫ್ಟ್ ಅಕ್ಕ. ಗೆಳೆಯರಿಂದ ಬೇರೆಯಾದ ಮೇಲೆ ಅವಳು ಟ್ಯಾಂಕು ಬಿಟ್ಟು ತೋಪಿನ ಬಂಡಿಗೆ ಬಂದಿದ್ದಳು. ಚಾಚಾನ ಅಂಕವೂ ಏರಿ ಇಬ್ಬರೂ ಸಮಕ್ಕೆ ಸಮ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ.

ಸಂಕ್ರಾಂತಿಗೆ ಸಾಹೇಬರು ಫೋನ್ ಮಾಡಿ, ಸರ್ವರ್ ಹಾಗೇ ಇರಲಿ ಅಂದರು. ಬಳಿಕ ತಮ್ಮದೊಂದು ಖಾಸಗಿ ವಿಚಾರವಿದೆ ಅಂದರು. ನೋಡಲಿಕ್ಕೆಂದು ಅವರೂ ಒಂದು ಸಂಜೆ ಆಡಿದ್ದರಂತೆ, ಕಟ್ಟೆಯ ಮೇಲೆ ಯಾರೋ ಸೇಡಂನವರು ಅವರ ಅಜ್ಜನ ಹೆಸರು ಹಿಡಿದು ಮಾತಾಡಿಸಿದರಂತೆ. "ನನಗೇ ಗೊತ್ತಿಲ್ಲದ ದೊಡ್ಡಪ್ಪ ಒಬ್ಬರು ಸಿಕ್ಕರು," ಅಂದರು. ದನಿಯಲ್ಲಿ ಇನ್ನೂ ಆಶ್ಚರ್ಯವಿತ್ತು. ಸರ್ವರ್ ನೋಡುವಾತ ಆ ದಿನ ತೆಲುಗಿನಲ್ಲಿ ಸಿಟ್ಟಿಲ್ಲದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಅದರ ಮುಂದಿನ ವಾರದ ರಜೆಗೆ ಅಕ್ಕ ತವರಿಗೆ ಹೊರಟಿದ್ದಳು. ತವರು ಸುರಪುರದ ಮಗ್ಗುಲಿನ ರಂಗಂಪೇಟೆ. ನಾನೂ ಬಸ್ಸು ಹತ್ತಿ, ಇಬ್ಬರೂ ಕೂಡಿ ಬೇಕರಿಗೆ ಹೋದೆವು.

"ಚಾಚಾ, ಇವ್ರೇ ನಿಮ್ಮ ಫೌಜಿ."

ಚಾಚಾ ಕನ್ನಡಕ ಏರಿಸಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾವೂರು?"

"ಇರೂದು ಸೈದಾಪುರ. ತವರು ಇಲ್ಲೇ ರಂಗಂಪೇಟಿ. ನಮ್ಮಪ್ಪ ಕಟಗಿ ಗಾಡಿ ಹೊಡೀತಿದ್ದ."

"ಬಿಳಿ ಎತ್ತಿನ ಗಾಡಿ?"

"ಹೌದ್ರಿ."

"ಅರೆರೆ! ಈ ಒಲಿಗೆ ಕಟಗಿ ಹಾಕ್ಯಾನ ಅವ ಎಷ್ಟು ವರ್ಷ! ಗಾಡಿ ಮ್ಯಾಲ ಒಂದು ಸಣ್ಣ ಹುಡುಗಿ ಕುಂತು ಬರ್ತಿತ್ತು, ದಿನಾ ಒಂದು ನಾನ್‌ಖಟಾಯಿ ಕೇಳಿ ಇಸ್ಕೊಂಡು ಹೋಗ್ತಿತ್ತು."

"ಎರಡು ಕೇಳ್ತಿದ್ದೆ ಚಾಚಾ. ನೀವು ಒಂದ ಕೊಡ್ತಿದ್ರಿ."

ಚಾಚಾ ನಗುತ್ತ ಒಳಗೆ ಹೋಗಿ ತಟ್ಟೆ ತುಂಬ ನಾನ್‌ಖಟಾಯಿ, ಒಂದು ಕೇಕು ತಂದಿಟ್ಟರು. ಅಷ್ಟೊತ್ತಿಗೆ ಸಂಜೆಯಾಗಿತ್ತು. ಇಬ್ಬರ ಕಣ್ಣೂ ಸಕ್ಕರೆ ಡಬ್ಬಿಗೆ ಒರಗಿದ್ದ ಫೋನಿನ ಕಡೆ ಹೋಯಿತು. ಅಕ್ಕ ತನ್ನ ಫೋನು ಹೊರತೆಗೆದಳು, ಇಬ್ಬರೂ ತೋಪಿನ ಬಂಡಿ ಕೇಳಿದರು. ಸರ್ವರ್ ಯಾವ ದಾಕ್ಷಿಣ್ಯವೂ ಇಲ್ಲದೆ ಅವರನ್ನು ಜೋಡಿ ಮಾಡಿ ಒಡೆಯಿತು. ಅವಳು ಹುಣಸೆ, ಚಾಚಾ ಬೇವು. ಗುಟ್ಟಿನ ಹೆಸರು ಈ ಮೇಜಿನ ಮೇಲೆ ಯಾವ ಕೆಲಸಕ್ಕೂ ಬಾರದು. ಪರದೆಗಳು ಎದುರುಬದುರು ಇದ್ದವು.

ಮೈದಾನ ತೆರೆಯಿತು. ಎರಡು ತೋಪಿನ ಬಂಡಿಗಳು ಎರಡು ಬಂಡೆಗಳ ಹಿಂದೆ ನಿಂತವು. ಚಾಚಾ ಬೆರಳು ಪರದೆಯ ಮೇಲೆ ಎತ್ತಿ ಹಿಡಿದು ಹಾಗೇ ಕೂತರು. ಮೊದಲ ಸಂಜೆಯ ಎಮ್ಮೆಗಳಂತೆ ನಿಂತ ಟ್ಯಾಂಕುಗಳು ನನ್ನ ಕಣ್ಣ ಮುಂದೆ ಬಂದವು.

"ಕಟಗಿ ಗಾಡಿಯವನ ಮಗಳು," ಚಾಚಾ ನನ್ನ ಕಡೆ ತಿರುಗಿ, ಸೋತ ದನಿಯಲ್ಲಿ ಹೇಳಿದರು. "ಹ್ಯಾಂಗ ಹೊಡೀಲಿ ಬೇಟಿ?"

ಅಕ್ಕ ಕೇಕಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡಳು, ಸೆರಗಿಗೆ ಬೆರಳು ಒರೆಸಿಕೊಂಡಳು, ಒತ್ತಿದಳು. ಬೇವಿನ ಬಂಡಿ ಹೊಗೆಯಾಗಿ ಹಾರಿಹೋಯಿತು.

ಚಾಚಾ ಮೇಜು ಗುದ್ದಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೋಡಿದೇನು! ನನ್ನ ಕೇಕ್ ತಿಂದು ನನಗ ಹೊಡದ್ಲು!" ಎಂದು ಒಳಗಿನ ಕಡೆ ಕೂಗಿದರು. "ಏ, ಈಕಿಗೊಂದು ಚಹಾ ತರ್ರಿ, ಸಕ್ಕರಿ ಹಾಕಬ್ಯಾಡ್ರಿ!"

ಹಾಗೆನ್ನುತ್ತಲೇ ಕನ್ನಡಕ ಸರಿಮಾಡಿ, ಫೋನನ್ನು ಡಬ್ಬಿಗೆ ಮತ್ತೆ ಒರಗಿಸಿ, ಮುಂದಿನ ಪಂದ್ಯಕ್ಕೆ ಮೊದಲ ಆಸೆ ತೋಪಿನ ಬಂಡಿ, ಎರಡನೆಯ ಆಸೆಯೂ ತೋಪಿನ ಬಂಡಿ ಎಂದು ಒತ್ತಿದರು.